ತಡೆಪಟ್ಟಿಯಲ್ಲಿ ಸಿಕ್ಕಿಬಿದ್ದ ಪತ್ರಗಳು

"ಸರ್, ನಿಮ್ಮ ಸಂಸ್ಥೆಗೆ ಅನುವಾದ ಮಾಡಿಕೊಡ್ತಿದ್ದೆ ನಾನು. ಆರು ತಿಂಗಳಿಂದ ಏನು ಕಳಿಸಿದ್ರೂ ವಾಪಸ್ ಬರ್ತಿದೆ. ವಾಪಸ್ ಬಂದ ಮೇಲ್‌ನಲ್ಲಿ ಏನೋ ಬರೆದಿದೆ, ಓದಲಾ?"

ಫೋನಿನಲ್ಲಿದ್ದ ಮಹಿಳೆಗೆ ಓದಿ ಎಂದೆ. ಮೊದಲು 554 ಎಂಬ ಅಂಕಿ, ಆಮೇಲೆ ಅವರದೇ ವಿಳಾಸ, ಕಳಿಸಿದವರ ವಿಳಾಸ ತಿರಸ್ಕೃತವಾಗಿದೆ ಎಂಬ ಇಂಗ್ಲಿಷ್ ಸಾಲು. ಅದರ ಬೆನ್ನಿಗೇ ಒಂದು ಹ್ಯಾಶ್ ಗುರುತು. ಗುರುತಿನ ಮುಂದೆ, ಇಂಗ್ಲಿಷಿನಲ್ಲೇ, ಹೀಗಿತ್ತು: ಬಿಲ್ ವಿಷಯಕ್ಕೆ ಪದೇ ಪದೇ ಪೀಡಿಸುತ್ತಾರೆ, ತಡೆಯಿರಿ.

ನನಗೆ ಮಾತೇ ಹೊರಡಲಿಲ್ಲ. ಆ ಸಾಲನ್ನು ಬರೆದವನು ನಾನಲ್ಲ. ಆ ಮೇಲ್ ಸರ್ವರ್ ನನ್ನ ಕೈಗೆ ಬಂದು ಮೂರು ತಿಂಗಳಾಗಿತ್ತಷ್ಟೆ. ಆದರೆ ಈಗ ಅದರ ತಡೆಪಟ್ಟಿಗೆ, ಎಂದರೆ ಯಾರ ಪತ್ರ ಒಳಗೆ ಬರಬಾರದೆಂಬ ಪಟ್ಟಿಗೆ, ಹೊಣೆ ನಾನೇ. ಮೂರು ತಿಂಗಳಲ್ಲಿ ಒಮ್ಮೆಯೂ ಅದನ್ನು ಬಿಚ್ಚಿ ಓದಿರಲಿಲ್ಲ. ಸ್ಪ್ಯಾಮ್ ಬರುತ್ತಿಲ್ಲವಲ್ಲ, ಎಲ್ಲ ಸರಿಯಾಗಿದೆ ಎಂದುಕೊಂಡಿದ್ದೆ. "ಮೇಡಂ, ಇವತ್ತೇ ನೋಡ್ತೀನಿ" ಎಂದು ಫೋನ್ ಇಟ್ಟು ಟರ್ಮಿನಲ್ ತೆರೆದೆ. ಒಂದು ಸಾಲು ಅಳಿಸಿದರೆ ಮುಗಿಯಿತು ಎಂದುಕೊಂಡ ಕೆಲಸ ಹನ್ನೊಂದು ದಿನ ಹಿಡಿಯಿತು.

ನಮ್ಮಲ್ಲಿರುವುದು ಪೋಸ್ಟ್‌ಫಿಕ್ಸ್. ವೀಟ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ಬರೆದು 1998ರಲ್ಲಿ ಹೊರತಂದ ಮೇಲ್ ಸರ್ವರ್ ತಂತ್ರಾಂಶ ಇದು. ಯಾರ ಪತ್ರ ಒಳಗೆ ಬರಬೇಕು, ಯಾರದು ಬಾಗಿಲಲ್ಲೇ ನಿಲ್ಲಬೇಕು ಎಂಬುದನ್ನು ಒಂದು ಸಾದಾ ಪಠ್ಯ ಕಡತದಲ್ಲಿ ಬರೆಯುತ್ತೇವೆ. ಎಡಕ್ಕೆ ವಿಳಾಸ ಅಥವಾ ಡೊಮೇನ್ (ವಿಳಾಸದಲ್ಲಿ ಅಟ್ ಗುರುತಿನ ಆಮೇಲಿನ ಭಾಗ), ಬಲಕ್ಕೆ ಏನು ಮಾಡಬೇಕು ಎಂಬ ಆಜ್ಞೆ: ರಿಜೆಕ್ಟ್, ಓಕೆ, ಡಿಸ್ಕಾರ್ಡ್ ಹೀಗೆ. ಪೋಸ್ಟ್‌ಫಿಕ್ಸ್ ಮಾತ್ರ ಆ ಕಡತವನ್ನು ನೇರವಾಗಿ ಓದುವುದಿಲ್ಲ. ಪೋಸ್ಟ್‌ಮ್ಯಾಪ್ ಎಂಬ ಕಮಾಂಡ್ ಕೊಟ್ಟಾಗ ಅದೇ ಹೆಸರಿಗೆ ಡಿಬಿ ಎಂಬ ಬಾಲ ಸೇರಿ ಇನ್ನೊಂದು ಕಡತ ಹುಟ್ಟುತ್ತದೆ. ಸರ್ವರ್ ನೋಡುವುದು ಅದನ್ನು. ಈ ಎರಡು ಕಡತಗಳು ಬೇರೆ ಬೇರೆ ಎಂಬುದನ್ನು ನೆನಪಿಟ್ಟುಕೊಳ್ಳಿ. ನನ್ನ ಅರ್ಧ ಕಷ್ಟ ಅಲ್ಲಿಂದಲೇ ಬಂತು.

ಮೊದಲು ಆ ಮೇಡಂ ವಿಳಾಸವನ್ನು ಗ್ರೆಪ್ ಎಂಬ ಹುಡುಕುವ ಕಮಾಂಡ್ ಕೊಟ್ಟು ಪಠ್ಯ ಕಡತದಲ್ಲಿ ನೋಡಿದೆ. ಇಲ್ಲ. ಪೋಸ್ಟ್‌ಮ್ಯಾಪ್‌ಗೆ ಹೈಫನ್ ಕ್ಯೂ ಎಂಬ ಆಯ್ಕೆ ಸೇರಿಸಿ ಡಿಬಿಯನ್ನೇ ಕೇಳಿದೆ: ಈ ವಿಳಾಸಕ್ಕೆ ಏನು ಉತ್ತರ? ಏನೂ ಬರಲಿಲ್ಲ. ಹಾಗಾದರೆ ಹಿಂದೆ ಯಾರೋ ತೆಗೆದಿರಬೇಕು ಎಂದುಕೊಂಡು ಇನ್ನೊಮ್ಮೆ ಕಳಿಸಿ ನೋಡಿ ಎಂದೆ. ಹತ್ತೇ ನಿಮಿಷದಲ್ಲಿ ಅವರಿಂದ ಸಂದೇಶ: ಮತ್ತೆ ವಾಪಸ್, ಅದೇ ಸಾಲು.

ಎಡವಿದ್ದು ಎಲ್ಲಿ ಎಂದು ಆಮೇಲೆ ಗೊತ್ತಾಯಿತು. ಸರ್ವರ್ ಒಂದು ವಿಳಾಸವನ್ನು ನೋಡುವಾಗ ಮೊದಲು ಪೂರ್ಣ ವಿಳಾಸವನ್ನು ಹುಡುಕುತ್ತದೆ. ಸಿಗದಿದ್ದರೆ ಡೊಮೇನನ್ನು, ಆಮೇಲೆ ಅದರ ಮೇಲಿನ ಡೊಮೇನುಗಳನ್ನು, ಕೊನೆಗೆ ಅಟ್ ಗುರುತಿನವರೆಗಿನ ಹೆಸರನ್ನು. ಹೈಫನ್ ಕ್ಯೂ ಹಾಗಲ್ಲ, ಕೊಟ್ಟ ಪದವನ್ನಷ್ಟೇ ಹುಡುಕಿ ಸುಮ್ಮನಾಗುತ್ತದೆ. ಆ ಮೇಡಂ ಬಳಸುತ್ತಿದ್ದದ್ದು ಸ್ವಂತ ಡೊಮೇನ್. ತಡೆ ಬಿದ್ದಿದ್ದದ್ದು ಆ ಡೊಮೇನಿಗೆ. ಡೊಮೇನ್ ಹೆಸರು ಕೊಟ್ಟು ಕೇಳಿದ ತಕ್ಷಣ ರಿಜೆಕ್ಟ್ ಎಂಬ ಉತ್ತರವೂ ಅದರ ಹಿಂದೆ ಆ ಟಿಪ್ಪಣಿಯೂ ಬಂದವು. ಈಗ ನಾನು ಯಾರ ಬಗ್ಗೆ ವಿಚಾರಿಸಿದರೂ ಮೂರು ಸಲ ಕೇಳುತ್ತೇನೆ: ಪೂರ್ಣ ವಿಳಾಸ, ಡೊಮೇನ್, ಮೇಲಿನ ಡೊಮೇನ್.

ಟಿಪ್ಪಣಿ ಹೊರಗೆ ಹೋದದ್ದು ಹೇಗೆ? ಸಾಲಿನ ಮೊದಲಲ್ಲಿ ಹ್ಯಾಶ್ ಇದ್ದರೆ ಪೋಸ್ಟ್‌ಫಿಕ್ಸ್ ಅದನ್ನು ಟಿಪ್ಪಣಿ ಎಂದು ಬಿಟ್ಟುಬಿಡುತ್ತದೆ. ಸಾಲಿನ ನಡುವೆ ಬಂದರೆ ಬಿಡುವುದಿಲ್ಲ. ರಿಜೆಕ್ಟ್ ಎಂಬುದರ ಮುಂದೆ ಏನಿದ್ದರೂ ಅದು ಕಳಿಸಿದವರಿಗೆ ಹೇಳಬೇಕಾದ ಕಾರಣ ಎಂದೇ ಅದರ ಲೆಕ್ಕ. ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳ ಕಡತ; ಅಲ್ಲಿ ಸಾಲಿನ ಕೊನೆಯ ಹ್ಯಾಶ್ ಕೂಡ ಟಿಪ್ಪಣಿಯೇ) ಬರೆದು ರೂಢಿಯಾದ ಕೈ ಸಾಲಿನ ಕೊನೆಗೆ ಹ್ಯಾಶ್ ಹಾಕಿ ನಮ್ಮೊಳಗಿನ ಮಾತು ಬರೆಯುತ್ತದೆ. ಸರ್ವರ್ ಅದನ್ನು ಶ್ರದ್ಧೆಯಿಂದ ಎದುರಿನವರಿಗೆ ಓದಿ ಹೇಳುತ್ತದೆ. ಪಟ್ಟಿಯಲ್ಲಿ ಇಂಥ ಬಾಲ ಇದ್ದ ಸಾಲುಗಳು 38. ಒಂದೊಂದನ್ನೂ ಓದಿದೆ. ಹೆಚ್ಚಿನವು ಬರಿಯ ದಿನಾಂಕಗಳು. ಆರು ಸಾಲುಗಳು ಮಾತ್ರ ಯಾರೂ ಇನ್ನೊಬ್ಬರ ಮುಖಕ್ಕೆ ಹೇಳದಂಥವು.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಸಾಲು ಖಾಲಿ ಜಾಗದಿಂದ ಆರಂಭವಾದರೆ ಅದು ಹಿಂದಿನ ಸಾಲಿನ ಮುಂದುವರಿಕೆ. ಯಾರೋ ಅಂದವಾಗಿ ಕಾಣಲೆಂದು ಮೂರು ಸಾಲುಗಳನ್ನು ಒಳಕ್ಕೆ ತಳ್ಳಿದ್ದರು. ಆ ಮೂವರ ವಿಳಾಸಗಳು ತಡೆಯಾಗಿರಲೇ ಇಲ್ಲ. ಬದಲಿಗೆ ಹಿಂದಿನ ಸಾಲಿನವರಿಗೆ ಹೋಗುವ ತಿರಸ್ಕಾರದ ಪತ್ರದಲ್ಲಿ ಕಾರಣವಾಗಿ ಅಚ್ಚಾಗುತ್ತಿದ್ದವು. ಒಬ್ಬರ ವಿಳಾಸ ಇನ್ನೊಬ್ಬರ ಕೈಗೆ ಹೋಗುತ್ತಿತ್ತು.

ಅಂದೇ ಡೊಮೇನಿನ ಆ ಸಾಲನ್ನು ತೆಗೆದು ಪೋಸ್ಟ್‌ಮ್ಯಾಪ್ ಓಡಿಸಬೇಕೆಂದು ಕೈ ಹಾಕಿದವನು ಒಂದು ಕ್ಷಣ ನಿಂತೆ. ಡಿಬಿಯೊಳಗೆ ಏನಿದೆಯೋ ಅದು ಪಠ್ಯದಲ್ಲೂ ಇದೆ ಎಂದು ಯಾರು ಹೇಳಿದರು? ಪೋಸ್ಟ್‌ಮ್ಯಾಪ್‌ಗೆ ಹೈಫನ್ ಎಸ್ ಕೊಟ್ಟರೆ ಡಿಬಿಯಲ್ಲಿರುವುದನ್ನೆಲ್ಲ ಹೊರಗೆ ಸುರಿಯುತ್ತದೆ. ಅದನ್ನು ಸಾರ್ಟ್ ಮಾಡಿ, ಪಠ್ಯವನ್ನೂ ಸಾರ್ಟ್ ಮಾಡಿ, ಎರಡನ್ನೂ ವ್ಯತ್ಯಾಸ ತೋರಿಸುವ ಡಿಫ್ ಕಮಾಂಡ್‌ಗೆ ಕೊಟ್ಟೆ. ಪಠ್ಯದಲ್ಲಿ 214 ನಮೂದು, ಡಿಬಿಯಲ್ಲಿ 209. ಪಠ್ಯದಲ್ಲಿದ್ದು ಡಿಬಿಯಲ್ಲಿ ಇಲ್ಲದವು 12: ಮೂರು ಆ ಒಳಕ್ಕೆ ತಳ್ಳಿದ ಸಾಲುಗಳು, ಉಳಿದ ಒಂಬತ್ತು ಬರೆದ ಮೇಲೆ ಪೋಸ್ಟ್‌ಮ್ಯಾಪ್ ಓಡಿಸದೆ ಬಿಟ್ಟವು. ಡಿಬಿ ಕಡತ ಮೂಲಕ್ಕಿಂತ ಹಳೆಯದು ಎಂದು ತನ್ನ ದಿನಚರಿಯಾದ ಲಾಗ್‌ನಲ್ಲಿ ಸರ್ವರ್ ಹೇಳುತ್ತಲೇ ಇತ್ತು, ಓದುವವರಿರಲಿಲ್ಲ. ಇನ್ನು ಡಿಬಿಯಲ್ಲಿದ್ದು ಪಠ್ಯದಲ್ಲಿ ಇಲ್ಲದವು ಏಳು. ಹೈಫನ್ ಐ ಎಂಬ ಆಯ್ಕೆ ಬಳಸಿ ಯಾರೋ ನೇರವಾಗಿ ಡಿಬಿಗೇ ಸೇರಿಸಿದ್ದರು. ನಾನು ಯೋಚಿಸದೆ ಪೋಸ್ಟ್‌ಮ್ಯಾಪ್ ಓಡಿಸಿದ್ದರೆ ಆ ಏಳೂ ಸದ್ದಿಲ್ಲದೆ ಅಳಿಸಿಹೋಗುತ್ತಿದ್ದವು. ಅವುಗಳಲ್ಲಿ ಎರಡು ನಿಜಕ್ಕೂ ಬೇಕಿದ್ದ ತಡೆಗಳು. ನಮ್ಮವರೊಬ್ಬರಿಗೆ ಬೆದರಿಕೆ ಬರೆಯುತ್ತಿದ್ದ ವಿಳಾಸಗಳು ಎಂದು ಆಮೇಲೆ ಅವರೇ ಹೇಳಿದರು. ಆ ಮಾತು ಕೇಳಿದ ಮೇಲೆ ಯಾವ ಸರ್ವರಿನಲ್ಲೂ ಹೈಫನ್ ಎಸ್ ಮಾಡದೆ ಪಟ್ಟಿ ಮುಟ್ಟಿಲ್ಲ.

ಏಳನ್ನೂ ಪಠ್ಯಕ್ಕೆ ಸೇರಿಸಿ, ಬಾಲಗಳನ್ನು ಕತ್ತರಿಸಿ, ಆ ಮೇಡಂ ಡೊಮೇನ್ ತೆಗೆದು ಪೋಸ್ಟ್‌ಮ್ಯಾಪ್ ಓಡಿಸಿದೆ. ಪಟ್ಟಿ ಬದಲಾದದ್ದನ್ನು ಪೋಸ್ಟ್‌ಫಿಕ್ಸ್ ತಾನೇ ಗಮನಿಸಿಕೊಳ್ಳುತ್ತದೆ, ಮರುಚಾಲನೆ ಬೇಡ. ಮುಖ್ಯ ಸಂರಚನೆಯ ಕಡತ ಬದಲಿಸಿದರೆ ಮಾತ್ರ ರೀಲೋಡ್ ಬೇಕು.

ಸರಿಯಾಯಿತೇ ಎಂದು ನೋಡಲು ಸರ್ವರಿನೊಡನೆ ಕೈಯಿಂದಲೇ ಮಾತಾಡಿದೆ. ಮೇಲ್ ಬರುವ ಬಾಗಿಲಾದ 25ನೇ ಪೋರ್ಟಿಗೆ ಟೆಲ್ನೆಟ್ ಕಮಾಂಡ್‌ನಿಂದ ಸಂಪರ್ಕ, ನಮಸ್ಕಾರ ಹೇಳುವ ಸಾಲು, ಕಳಿಸುವವರ ವಿಳಾಸ, ಪಡೆಯುವವರ ವಿಳಾಸ. ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಸರ್ವರಿನೊಳಗೆ ಕುಳಿತೇ ಪರೀಕ್ಷಿಸಿದರೆ ನಮ್ಮ ಜಾಲದವರು ಎಂಬ ನಿಯಮಕ್ಕೆ ಮೊದಲೇ ಒಪ್ಪಿಗೆ ಸಿಕ್ಕಿ ತಡೆಪಟ್ಟಿಯವರೆಗೆ ವಿಷಯ ಹೋಗುವುದೇ ಇಲ್ಲ. ಹೊರಗಿನ ಯಂತ್ರದಿಂದ ನೋಡಬೇಕು. ಎರಡನೆಯದು, ತಡೆಯಾದ ವಿಳಾಸ ಕೊಟ್ಟರೂ ಸರ್ವರ್ ಮೊದಲು 250 ಓಕೆ ಎನ್ನುತ್ತದೆ. ಪಡೆಯುವವರ ವಿಳಾಸ ಹೇಳಿದ ಮೇಲೆಯೇ 554 ಬರುವುದು. ಪೋಸ್ಟ್‌ಫಿಕ್ಸ್ ಬೇಕೆಂದೇ ಉತ್ತರವನ್ನು ಅಲ್ಲಿವರೆಗೆ ತಡೆದಿಟ್ಟುಕೊಳ್ಳುತ್ತದೆ. ಅದರಿಂದಾಗಿ ಯಾರಿಗೆ ಬಂದ ಪತ್ರ ತಡೆಯಾಯಿತು ಎಂಬುದೂ ಲಾಗ್‌ನಲ್ಲಿ ಉಳಿಯುತ್ತದೆ, ಮತ್ತು ನನಗೆ ಆಮೇಲೆ ಬಹಳ ಉಪಯೋಗಕ್ಕೆ ಬಂದದ್ದು ಅದೇ.

ಸಂಜೆ ಹೊತ್ತಿಗೆ ಆ ಮೇಡಂ ಮೇಲ್ ಒಳಗೆ ಬಂತು. ಲೆಕ್ಕಪತ್ರ ವಿಭಾಗದವರ ಬಳಿ ನಾನೇ ಹೋಗಿ ಆ ಬಿಲ್ ಎಲ್ಲಿದೆ ಎಂದು ಕೇಳಿದೆ. ಅದು ನನ್ನ ಕೆಲಸವಲ್ಲ, ಆದರೆ ಆರು ತಿಂಗಳು ಅವರ ಬಾಯಿ ಮುಚ್ಚಿಸಿದ್ದು ನಾನು ನೋಡಿಕೊಳ್ಳುವ ಯಂತ್ರ.

ಮರುದಿನ ಉಳಿದ ಪಟ್ಟಿಗೆ ಕುಳಿತೆ. ಪಟ್ಟಿಯ ನಡುವೆ ಒಂದು ವಿಚಿತ್ರ ಸಾಲು: ವಿಳಾಸದ ಜಾಗದಲ್ಲಿ ಖಾಲಿ ಕೋನ ಆವರಣ, ಎದುರಿಗೆ ರಿಜೆಕ್ಟ್. ಕಳಿಸಿದವರ ವಿಳಾಸ ಖಾಲಿ ಇರುವ ಮೇಲ್ ಎಂದರೆ ಸಾಮಾನ್ಯವಾಗಿ 'ನಿಮ್ಮ ಪತ್ರ ತಲುಪಲಿಲ್ಲ' ಎಂದು ಬೇರೆ ಸರ್ವರ್‌ಗಳು ಕಳಿಸುವ ಸೂಚನೆ. ಎರಡು ಯಂತ್ರಗಳು ಪರಸ್ಪರ ಸೂಚನೆ ಕಳಿಸುತ್ತಲೇ ಇರಬಾರದೆಂದು ಅದನ್ನು ಖಾಲಿ ಇಡುತ್ತಾರೆ. ನಮ್ಮ ವಿಳಾಸವನ್ನು ಕದ್ದು ಯಾರೋ ಸ್ಪ್ಯಾಮ್ ಕಳಿಸಿದಾಗ ಇಂಥ ಸೂಚನೆಗಳು ಮಳೆಯಂತೆ ಸುರಿದಿರಬೇಕು, ತಾಳಲಾರದೆ ತಡೆದಿದ್ದಾರೆ. ಫಲವಾಗಿ ಸಹೋದ್ಯೋಗಿಗಳು ತಪ್ಪು ವಿಳಾಸಕ್ಕೆ ಬರೆದ ಪತ್ರ ಹೋಗಿಲ್ಲವೆಂಬುದು ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಆ ಸಾಲು ತೆಗೆದ ವಾರವೇ ಇಬ್ಬರು ಬಂದು, ಇದೇನು ಹೊಸದಾಗಿ ವಾಪಸ್ ಬರ್ತಿದೆ ಸರ್ ಎಂದು ಕೇಳಿದರು. ಹೊಸದೇನಲ್ಲ, ಮೊದಲೂ ಹೋಗುತ್ತಿರಲಿಲ್ಲ, ಈಗ ಗೊತ್ತಾಗುತ್ತಿದೆ ಎಂದು ವಿವರಿಸಿದೆ.

ಡಿಸ್ಕಾರ್ಡ್ ಎಂದಿದ್ದ 17 ಸಾಲುಗಳನ್ನೂ ರಿಜೆಕ್ಟ್ ಮಾಡಿದೆ. ಡಿಸ್ಕಾರ್ಡ್ ಎಂದರೆ ಸರ್ವರ್ ಪತ್ರವನ್ನು ಸ್ವೀಕರಿಸಿದೆನೆಂದು ಹೇಳಿ ಎಸೆದುಬಿಡುತ್ತದೆ. ಕಳಿಸಿದವರು ತಲುಪಿತು ಎಂದು ನಂಬಿ ಕಾಯುತ್ತಾರೆ. ರಿಜೆಕ್ಟ್ ಕಹಿಯಾದರೂ ಸತ್ಯ ಹೇಳುತ್ತದೆ. ಆ ಮೇಡಂ ನನಗೆ ಫೋನ್ ಮಾಡಲು ಸಾಧ್ಯವಾದದ್ದೇ ಅವರ ಸಾಲಿನಲ್ಲಿ ರಿಜೆಕ್ಟ್ ಇದ್ದದ್ದರಿಂದ. ಅದರ ಮುಂದೆ ಈಗ ಎಲ್ಲ ಕಡೆ ಒಂದೇ ವಾಕ್ಯ ಹಾಕಿದ್ದೇನೆ: ತಪ್ಪಾಗಿದ್ದರೆ ಈ ಸಂಖ್ಯೆಗೆ ಕರೆಮಾಡಿ.

ಅನುಮತಿ ಪಟ್ಟಿಯ ಕಡೆ ಬಂದಾಗ ನನಗೆ ನಿಜವಾದ ದಿಗಿಲು ಹುಟ್ಟಿತು. ತಡೆಪಟ್ಟಿಯ ತಪ್ಪು ಒಬ್ಬರನ್ನು ಹೊರಗಿಡುತ್ತದೆ. ಅನುಮತಿ ಪಟ್ಟಿಯ ತಪ್ಪು ಯಾರು ಬೇಕಾದರೂ ಒಳಬರಲು ಬಾಗಿಲು ತೆಗೆದಿಡುತ್ತದೆ. ಜಾನ್ ಪೋಸ್ಟೆಲ್ 1982ರಲ್ಲಿ ಬರೆದ ಎಸ್‌ಎಂಟಿಪಿ ಎಂಬ ಮೇಲ್ ಸಾಗಣೆಯ ನಿಯಮದಲ್ಲಿ ಕಳಿಸುವವರು ಹೇಳಿದ ವಿಳಾಸ ನಿಜವೇ ಎಂದು ಪರಿಶೀಲಿಸುವ ಮಾತಿಲ್ಲ. ಲಕೋಟೆಯ ಹಿಂದೆ ಯಾರ ಹೆಸರು ಬೇಕಾದರೂ ಬರೆಯಬಹುದು. ಆ ಹೆಸರು ನೋಡಿ ಒಳಬಿಡುವುದೆಂದರೆ ಹೆಸರು ಗೊತ್ತಿದ್ದವರಿಗೆಲ್ಲ ಬೀಗದ ಕೈ ಕೊಟ್ಟಂತೆ.

ನಮ್ಮಲ್ಲಿ ಬಾಗಿಲು ದಾಟಿದ ಪತ್ರವನ್ನು ಸ್ಪ್ಯಾಮ್‌ಅಸಾಸಿನ್ ಎಂಬ ಫಿಲ್ಟರ್ ಓದಿ ಅಂಕ ಕೊಡುತ್ತದೆ. 5 ಅಂಕ ಮುಟ್ಟಿದರೆ ಸ್ಪ್ಯಾಮ್. ಅದರ ಸಂರಚನೆಯಲ್ಲಿ ವೈಟ್‌ಲಿಸ್ಟ್ ಫ್ರಮ್ ಎಂಬ ಸಾಲುಗಳು ಇಪ್ಪತ್ತೋ ಇಪ್ಪತ್ತೊಂದೋ ಇದ್ದವು, ಮೊಟ್ಟಮೊದಲನೆಯದೇ ನಕ್ಷತ್ರ ಗುರುತಿನೊಂದಿಗೆ ನಮ್ಮದೇ ಡೊಮೇನ್. ನಮ್ಮವರ ಪತ್ರ ನಮ್ಮವರಿಗೆ ತಪ್ಪಬಾರದೆಂಬ ಒಳ್ಳೆಯ ಉದ್ದೇಶ. ಆ ಸಾಲಿಗೆ ಹೊಂದಿದ ಪತ್ರಕ್ಕೆ ಸಿಗುವ ಅಂಕ ಮೈನಸ್ 100. ನಿರ್ದೇಶಕರ ಹೆಸರಿನಲ್ಲಿ 'ತುರ್ತಾಗಿ ಹಣ ವರ್ಗಾಯಿಸಿ' ಎಂಬ ನಕಲಿ ಮೇಲ್ ಎರಡು ತಿಂಗಳ ಹಿಂದೆ ಮೂವರಿಗೆ ಬಂದಿತ್ತು. ಆಗ ಎಲ್ಲರೂ ಫಿಲ್ಟರ್ ಹಾಳಾಗಿದೆ ಎಂದಿದ್ದರು, ನಾನೂ. ಒಬ್ಬರು ಅದನ್ನು ಉಳಿಸಿಟ್ಟಿದ್ದರು. ಆ ಪತ್ರವನ್ನು ಸ್ಪ್ಯಾಮ್‌ಅಸಾಸಿನ್‌ಗೆ ಹೈಫನ್ ಟಿ ಕೊಟ್ಟು ಓದಿಸಿದೆ. ಫಿಲ್ಟರ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು, 14 ಅಂಕದಷ್ಟು ಅನುಮಾನ ಪಟ್ಟಿತ್ತು. ಕೊನೆಯಲ್ಲಿ ನಮ್ಮದೇ ಸಾಲು ಬಂದು 100 ಕಳೆದು ಮೈನಸ್ 86 ಮಾಡಿ ಒಳಗೆ ಬಿಟ್ಟಿತ್ತು.

ಪರಿಹಾರ ಅದೇ ತಂತ್ರಾಂಶದಲ್ಲಿ ಇತ್ತು. ಫ್ರಮ್ ಎಂಬುದರ ಬದಲು ಆಥ್ ಎಂದು ಮುಗಿಯುವ ಇನ್ನೊಂದು ಬಗೆಯ ಸಾಲಿದೆ. ಅದು ಹೆಸರನ್ನಷ್ಟೇ ನಂಬುವುದಿಲ್ಲ; ಎಸ್‌ಪಿಎಫ್ ಅಥವಾ ಡಿಕಿಮ್ ಸಾಕ್ಷಿ ಹೊಂದಿದರೆ ಮಾತ್ರ ಆ 100 ಅಂಕ ಕಳೆಯುತ್ತದೆ. ಎಸ್‌ಪಿಎಫ್ ಎಂದರೆ ಈ ಡೊಮೇನಿನ ಪತ್ರ ಯಾವ ಯಂತ್ರಗಳಿಂದ ಹೊರಡಬಹುದು ಎಂದು ಡೊಮೇನುಗಳ ಸಾರ್ವಜನಿಕ ದಾಖಲೆಯಾದ ಡಿಎನ್‌ಎಸ್‌ನಲ್ಲಿ ಸಾರುವುದು. ಡಿಕಿಮ್ ಎಂದರೆ ಪತ್ರಕ್ಕೇ ಹಾಕುವ ಗಣಿತದ ಸಹಿ. 2022ರ ಡಿಸೆಂಬರಿನಲ್ಲಿ ಬಂದ 4.0 ಆವೃತ್ತಿಯಿಂದ ವೈಟ್‌ಲಿಸ್ಟ್, ಬ್ಲ್ಯಾಕ್‌ಲಿಸ್ಟ್ ಎಂಬ ಹೆಸರುಗಳು ವೆಲ್ಕಮ್‌ಲಿಸ್ಟ್, ಬ್ಲಾಕ್‌ಲಿಸ್ಟ್ ಆಗಿವೆ. ಎಲ್ಲ ಸಾಲುಗಳನ್ನೂ ವೆಲ್ಕಮ್‌ಲಿಸ್ಟ್ ಆಥ್‌ಗೆ ಬದಲಿಸಿ, ಲಿಂಟ್ ಆಯ್ಕೆಯಿಂದ ಅಕ್ಷರದೋಷ ಇಲ್ಲವೆಂದು ಖಚಿತ ಮಾಡಿಕೊಂಡು, ಹಿನ್ನೆಲೆಯಲ್ಲಿ ಓಡುವ ಸ್ಪ್ಯಾಮ್‌ಡಿಯನ್ನು ಮರುಚಾಲನೆ ಮಾಡಿದೆ. ಅದೇ ನಕಲಿ ಪತ್ರವನ್ನು ಮತ್ತೆ ಓದಿಸಿದಾಗ 14 ಬಂತು. ಆ ಅಂಕಿ ಕಂಡಾಗ ಆದ ಸಮಾಧಾನವನ್ನು ಹೇಗೆ ಹೇಳಲಿ! ಇಬ್ಬರು ಹಳೆಯ ಪತ್ರಮಿತ್ರರ ಡೊಮೇನುಗಳಲ್ಲಿ ಎಸ್‌ಪಿಎಫ್ಫೂ ಇರಲಿಲ್ಲ, ಡಿಕಿಮ್ಮೂ ಇರಲಿಲ್ಲ. ಅವರಿಗೆ ಬರೆದು ಹಾಕಿಸಿದೆ.

ಪೋಸ್ಟ್‌ಫಿಕ್ಸ್‌ನ ಓಕೆಗಳಿಗೂ ಇದೇ ತೊಂದರೆ. ಒಂದು ವಿಳಾಸಕ್ಕೆ ಓಕೆ ಎಂದರೆ ಆ ನಿಯಮಗಳ ಸಾಲಿನಲ್ಲಿ ಮುಂದಿನ ತಪಾಸಣೆಗಳೆಲ್ಲ ರದ್ದು. ಸಾಮಾನ್ಯವಾಗಿ ನಮಗೆ ಬೇಕಾಗಿರುವುದು ಅಷ್ಟಲ್ಲ: ಇಡೀ ಡೊಮೇನ್ ತಡೆಯಲ್ಲಿರಲಿ, ಅದರೊಳಗಿನ ಈ ಒಬ್ಬರನ್ನು ಬಿಡಿ ಎಂಬುದಷ್ಟೆ. ಅದಕ್ಕೆ ಡನ್ನೋ ಎಂಬ ಆಜ್ಞೆ ಇದೆ. ಈ ಪಟ್ಟಿಯಲ್ಲಿ ಇವರ ಬಗ್ಗೆ ಏನೂ ಗೊತ್ತಿಲ್ಲ, ಡೊಮೇನನ್ನೂ ಹುಡುಕಬೇಡಿ, ಮುಂದಿನ ತಪಾಸಣೆಗೆ ಕಳಿಸಿ ಎಂದು ಅದರ ಅರ್ಥ. ಪೂರ್ಣ ವಿಳಾಸ ಮೊದಲು ನೋಡಲ್ಪಡುವುದರಿಂದ ಕಡತದಲ್ಲಿ ಯಾವ ಸಾಲು ಮೇಲಿದೆ, ಯಾವುದು ಕೆಳಗಿದೆ ಎಂಬ ಚಿಂತೆಯೂ ಇಲ್ಲ. ಪೂರ್ಣ ವಿಳಾಸದ ಬದಲು ಅಕ್ಷರಗಳ ವಿನ್ಯಾಸ ಬರೆಯುವ ಪಿಸಿಆರ್‌ಇ ಬಗೆಯ ಪಟ್ಟಿಯಾದರೆ ಹಾಗಲ್ಲ, ಅಲ್ಲಿ ಮೊದಲು ಹೊಂದಿದ ಸಾಲೇ ಗೆಲ್ಲುತ್ತದೆ. ನನ್ನ ಪಟ್ಟಿಯಲ್ಲಿ ಈಗ ಓಕೆ ಒಂದೂ ಇಲ್ಲ, ಡನ್ನೋ ಹದಿನೈದು ಇವೆ.

ಈ ಹೊತ್ತಿಗೆ ಸಹೋದ್ಯೋಗಿಗಳಿಗೆ ವಿಷಯ ತಿಳಿದು ಹೊಸ ಕೋರಿಕೆಗಳು ಬರತೊಡಗಿದವು. ಒಬ್ಬರು ಒಂದು ಜಾಹೀರಾತು ಪತ್ರ ತೋರಿಸಿ, ಈ ವಿಳಾಸ ತಡೆದು ವರ್ಷವಾದರೂ ಬರ್ತಾನೇ ಇದೆ ಎಂದರು. ಪರದೆಯಲ್ಲಿ ಕಾಣುವ ಫ್ರಮ್ ವಿಳಾಸ ಒಳಗಿನ ಕಾಗದದ ಮೇಲಿನದು; ಪೋಸ್ಟ್‌ಫಿಕ್ಸ್ ಬಾಗಿಲಲ್ಲಿ ನೋಡುವುದು ಲಕೋಟೆಯ ಮೇಲಿನದನ್ನು. ಎರಡೂ ಒಂದೇ ಆಗಿರಬೇಕೆಂದಿಲ್ಲ. ಪತ್ರದ ಪೂರ್ಣ ತಲೆಬರಹ ತೆಗೆದು ರಿಟರ್ನ್ ಪಾತ್ ಎಂಬ ಸಾಲು ನೋಡಿದರೆ ಲಕೋಟೆಯ ವಿಳಾಸ ಸಿಗುತ್ತದೆ. ಈ ಪತ್ರದಲ್ಲಿ ಅದು ಉದ್ದನೆಯ ಅಂಕಿ ಅಕ್ಷರಗಳ ಸರಮಾಲೆ, ಪ್ರತಿ ಸಲ ಬೇರೆ. ಸಗಟು ಮೇಲ್ ಕಳಿಸುವವರು ಯಾರಿಗೆ ಹೋದದ್ದು ವಾಪಸ್ ಬಂತು ಎಂದು ಗುರುತಿಸಲು ಹಾಗೆ ಮಾಡುತ್ತಾರೆ. ಲಕೋಟೆಯ ಡೊಮೇನನ್ನೇ ತಡೆಯಬಹುದಿತ್ತು, ಆದರೆ ಅದೇ ಸಗಟು ಸೇವೆಯ ಮೂಲಕ ನಮಗೆ ಬೇಕಾದ ಪತ್ರಗಳೂ ಬರುತ್ತಿದ್ದವು. ಹಾಗಾಗಿ ಫ್ರಮ್ ವಿಳಾಸವನ್ನು ಸ್ಪ್ಯಾಮ್‌ಅಸಾಸಿನ್‌ನ ಬ್ಲಾಕ್‌ಲಿಸ್ಟ್ ಫ್ರಮ್‌ಗೆ ಸೇರಿಸಿದೆ. ನಿಂತಿತು.

ಈಗ ಮೂಲ ಕಡತ ಒಂದೇ. ಸಾಲಿಗೆ ಐದು ಅಂಕಣ: ವಿಳಾಸ, ತೀರ್ಮಾನ, ದಿನಾಂಕ, ಯಾರು ಕೇಳಿದರು, ಏಕೆ. ಅದು ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನಲ್ಲಿದೆ. ಪಠ್ಯ ಸಂಸ್ಕರಿಸುವ ಆಕ್ ಭಾಷೆಯ ಚಿಕ್ಕದೊಂದು ಸ್ಕ್ರಿಪ್ಟ್ ಅದರಿಂದ ಪೋಸ್ಟ್‌ಫಿಕ್ಸ್‌ನ ಪಟ್ಟಿಯನ್ನೂ ಸ್ಪ್ಯಾಮ್‌ಅಸಾಸಿನ್‌ನ ಸಾಲುಗಳನ್ನೂ ಹೆಣೆಯುತ್ತದೆ, ಕಾರಣದ ಅಂಕಣವನ್ನು ಬಿಟ್ಟು. ಪೋಸ್ಟ್‌ಮ್ಯಾಪ್ ಮೊದಲು ಒಂದು ತಾತ್ಕಾಲಿಕ ಹೆಸರಿನ ಮೇಲೆ ಓಡುತ್ತದೆ. ತಪ್ಪದೆ ಬರಲೇಬೇಕಾದ ಮೂವತ್ತು ವಿಳಾಸಗಳನ್ನೂ ಅವುಗಳ ಡೊಮೇನುಗಳನ್ನೂ ಅದರ ವಿರುದ್ಧ ಕೇಳಿ ನೋಡಿ, ಒಂದಕ್ಕೆ ರಿಜೆಕ್ಟ್ ಬಂದರೂ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಏಕೆ ಎಂಬ ಅಂಕಣ ಖಾಲಿಯಿದ್ದರೂ ನಿಲ್ಲುತ್ತದೆ. ಕಾರಣ ಕೇಳಿದಾಗ ಕೋರಿಕೆಯನ್ನೇ ವಾಪಸ್ ತೆಗೆದುಕೊಂಡವರು ಇಬ್ಬರಿದ್ದಾರೆ.

ಹಳೆಯ ಪಟ್ಟಿಯಲ್ಲಿ 31 ಸಾಲುಗಳಿಗೆ ಮಾತ್ರ ಕಾರಣ ಯಾರಿಂದಲೂ ಸಿಗಲಿಲ್ಲ. ತೆಗೆಯಲು ಧೈರ್ಯವಿಲ್ಲ, ಇಡಲು ಮನಸ್ಸಿಲ್ಲ. ಅವನ್ನು ವಾರ್ನ್ ಎಂಬ ಆಜ್ಞೆಗೆ ಬದಲಿಸಿದ್ದೇನೆ. ಪತ್ರ ಒಳಗೆ ಬರುತ್ತದೆ, ಲಾಗ್‌ನಲ್ಲಿ ಯಾರಿಂದ ಯಾರಿಗೆ ಎಂದು ಒಂದು ಸಾಲು ಬೀಳುತ್ತದೆ. ದಿನಾ ಬೆಳಿಗ್ಗೆ ಅದನ್ನು ಗ್ರೆಪ್ ಮಾಡುತ್ತೇನೆ. ಇಲ್ಲಿಯವರೆಗೆ ಮೂರು ಬಂದಿವೆ. ಎರಡು ಸ್ಪ್ಯಾಮ್, ಮತ್ತೆ ರಿಜೆಕ್ಟ್‌ಗೆ ಹೋದವು. ಮೂರನೆಯದು ಯಾರಿಗೆ ಬಂದಿತ್ತೋ ಅವರನ್ನೇ ಕೇಳಿದೆ. ಅವರ ಹಳೆಯ ವಿದ್ಯಾರ್ಥಿಯೊಬ್ಬರದಂತೆ. ಎರಡು ವರ್ಷದಿಂದ ಸುದ್ದಿಯೇ ಇಲ್ಲ, ಮರೆತುಬಿಟ್ಟಿದ್ದಾನೆ ಎಂದುಕೊಂಡಿದ್ದರಂತೆ.